ಎಂಟನೆಯ ಕಂಠ

"ಮತ್ತೆ ನನ್ನ ಮಾತಿನ ನಡುವೆ ಬಾಯಿ ಹಾಕಿದಳು, ನೋಡಿದಿರಾ ಗುರುಗಳೇ? ಇವಳು ಪಕ್ಕದಲ್ಲಿದ್ದರೆ ನಾನು ಒಂದು ಮಾತನ್ನು ಪೂರ್ತಿ ಆಡುವ ಹಾಗಿಲ್ಲ. ಇವಳಿಗೆ ನಾಲಿಗೆ ಕೊಟ್ಟ ದೇವರು ಅದಕ್ಕೊಂದು ಬಿರಡೆ ಕೊಡುವುದನ್ನು ಮರೆತಿದ್ದಾನೆ. ಇವಳನ್ನು ಸರಿ ಮಾಡುವುದು ಹೇಗೆ, ಹೇಳಿ."

ಹಾರ್ಮೋನಿಯಂ ಪಾಠ ಮುಗಿದಿತ್ತು. ಉಳಿದ ಹೆಂಗಸರು ಮೆಟ್ಟಿಲಿಳಿದು ಹೋಗಿದ್ದರು. ಗುರುಗಳು ಚಾಪೆ ಸುತ್ತುತ್ತಿದ್ದರು.

ಆಗಿದ್ದು ಇಷ್ಟು. ಅಂದು ಹೊಸದಾಗಿ ಪಾಠಕ್ಕೆ ಸೇರಿದ ಒಬ್ಬರು ಚಪ್ಪಲಿ ಹಾಕಿಕೊಳ್ಳುತ್ತ, "ನಿಮಗೆ ಎಷ್ಟು ಮಕ್ಕಳು?" ಎಂದು ನನ್ನನ್ನು ಕೇಳಿದರು. "ಒಬ್ಬಳೇ ಮಗಳು," ಎಂದೆ. ಅಷ್ಟರಲ್ಲಿ ನನ್ನ ಮಗಳು ಕುಮುದಾ, "ಒಬ್ಬಳಲ್ಲ, ಇಬ್ಬರು. ನಾನು, ಆಮೇಲೆ ನನ್ನ ತಮ್ಮ," ಎಂದಳು. ಅವರು, "ಅಯ್ಯೋ, ಮಗನನ್ನು ಮನೆಯಲ್ಲಿ ಬಿಟ್ಟು ಬಂದಿರಾ?" ಎಂದರು. ನಾನು, "ಮಗುವಿನ ಮಾತು, ಬಿಡಿ," ಎಂದೆ. ಅವರು ಹೋದರು. ಕುಮುದಾಳ ಕೆನ್ನೆಗೆ ಒಂದು ಬಿತ್ತು. ಅವಳು ಅಳಲಿಲ್ಲ. ಅದು ನನಗೆ ಇನ್ನೂ ಸಿಟ್ಟು ತರಿಸಿತು.

"ಇವಳಿಗೆ ತಮ್ಮನಿದ್ದನೇ?" ಎಂದು ಗುರುಗಳು ಕೇಳಿದರು.

ಇದ್ದ. ತೊಟ್ಟಿಲಿಗೆ ಹಾಕಿ ಹೆಸರಿಡುವ ಮೊದಲೇ ಹೋದ. ಹೆಸರಿಡುವ ಮುಂಚೆ ಹೋದ ಮಗುವನ್ನು ನಮ್ಮ ಮನೆಯಲ್ಲಿ ಎಣಿಕೆಗೆ ತೆಗೆದುಕೊಳ್ಳುವುದಿಲ್ಲ. ಬಾಯಲ್ಲಿ ಆಡುವುದೂ ಇಲ್ಲ. ಆಡಿದರೆ ಮುಂದಿನ ಬಸಿರಿಗೆ ಒಳ್ಳೆಯದಲ್ಲ ಎಂದು ಮೊದಲು ಹೇಳಿದವರು ನನ್ನ ಅತ್ತೆ. ಆಮೇಲೆ ನನ್ನ ಅಮ್ಮನೂ ಹೇಳಿದಳು. ಆಮೇಲೆ ನನ್ನ ಗಂಡನೂ ಹೇಳಿದರು. ಎದೆಹಾಲು ಬತ್ತಲೆಂದು ಮಲ್ಲಿಗೆ ಹೂವನ್ನು ಎದೆಗೆ ಕಟ್ಟಿದ್ದರು. ಹಾಲು ನಿಂತಿತು, ಮಾತೂ ನಿಂತಿತು. ಈಗ ಅಂಗನವಾಡಿಯವರು ಬಂದು ಕೇಳಿದರೂ, ಮದುವೆಮನೆಯಲ್ಲಿ ನೆಂಟರು ಕೇಳಿದರೂ, ಎಲ್ಲರೂ ಹೇಳುವುದು ಒಂದೇ, ಚೈತ್ರಾಳಿಗೆ ಒಬ್ಬಳು ಮಗಳು. ನಾನು ಹೇಳುವುದೂ ಅದೇ.

"ಮನೆಮಂದಿಯೆಲ್ಲ ಒಂದು ಮಾತು ಹೇಳುವಾಗ ಇವಳೊಬ್ಬಳದು ಬೇರೆ," ಎಂದೆ. "ಹೊಡೆದು ನೋಡಿದೆ. ಮಿಠಾಯಿ ಕೊಟ್ಟು ನೋಡಿದೆ. ಮಿಠಾಯಿ ತಿಂದು, ಬಾಯಿ ಒರೆಸಿಕೊಂಡು, ಮತ್ತೆ ಅದನ್ನೇ ಹೇಳುತ್ತಾಳೆ."

ಗುರುಗಳು ಕುಮುದಾಳನ್ನು ಒಳಕೋಣೆಗೆ ಕಳಿಸಿದರು. ಅಲ್ಲೊಂದು ಚಿಕ್ಕ ಹಾರ್ಮೋನಿಯಂ ಇತ್ತು. ಮನಸ್ಸು ಬಂದ ಹಾಗೆ ನುಡಿಸಿಕೋ ಎಂದರು. ನನಗೆ ಕೂರಲು ಹೇಳಿದರು. ಸುತ್ತಿದ ಚಾಪೆಯನ್ನು ಮತ್ತೆ ಬಿಚ್ಚಿ ತಾವೂ ಕುಳಿತರು. ಆಮೇಲೆ ಈ ಕತೆ ಹೇಳಿದರು.

ಒಬ್ಬ ವಾದಕನಿದ್ದ. ಅವನ ಹತ್ತಿರ ಒಂದು ಹಳೆಯ ಸಿಂಥಸೈಜರ್ ಇತ್ತು. ಈಗಿನ ಕೀಬೋರ್ಡುಗಳಲ್ಲಿ ಸದ್ದನ್ನು ಮೊದಲೇ ತುಂಬಿಟ್ಟಿರುತ್ತಾರೆ. ಅದರಲ್ಲಿ ಹಾಗಿರಲಿಲ್ಲ. ಕೀ ಒತ್ತಿದಾಗಲೇ ಒಳಗೆ ಕರೆಂಟು ಹರಿದು ಸದ್ದು ಹುಟ್ಟಬೇಕು. ಹಾಗೆ ಸದ್ದು ಹುಟ್ಟಿಸುವ ಸರ್ಕ್ಯೂಟುಗಳು ಅದರಲ್ಲಿ ಎಂಟು ಇದ್ದವು. ರಿಪೇರಿ ಮಾಡುವವರು ಒಂದೊಂದನ್ನೂ ವಾಯ್ಸ್ ಎನ್ನುತ್ತಾರೆ. ನಾವು ಕಂಠ ಎನ್ನೋಣ.

ಕೀಗಳು ಹಲವು. ಕಂಠಗಳು ಎಂಟೇ. ಆದ್ದರಿಂದ ಅವು ಸರದಿಯಲ್ಲಿ ಹಾಡುತ್ತವೆ. ನೀನು ಯಾವ ಕೀಯನ್ನಾದರೂ ಒತ್ತು, ಮೊದಲ ಸಲ ಹಾಡುವುದು ಒಂದನೆಯ ಕಂಠ. ಮುಂದಿನ ಸಲ ಎರಡನೆಯದು. ಎಂಟೂ ಮುಗಿದ ಮೇಲೆ ಮತ್ತೆ ಒಂದನೆಯದು.

"ನಮ್ಮ ಬೀದಿ ನಲ್ಲಿಯ ಹಾಗೆ," ಎಂದೆ.

"ಹಾಗೆಯೇ. ಆದರೆ ಅಲ್ಲಿ ಜಗಳವಿರಲಿಲ್ಲ," ಎಂದರು ಗುರುಗಳು.

ವಾದಕನಿಗೆ ಒಬ್ಬ ಅಕ್ಕ ಇದ್ದಳು. ಅವಳು ಹಾಡುತ್ತಿದ್ದಳು, ಅವನು ನುಡಿಸುತ್ತಿದ್ದ. ಮದುವೆ, ಗೃಹಪ್ರವೇಶ, ಗಣೇಶನ ಪೆಂಡಾಲು, ಎಲ್ಲಿಗೆ ಕರೆದರೂ ಇಬ್ಬರೂ ಹೋಗುತ್ತಿದ್ದರು. ಅವರದೊಂದು ಪದ್ಧತಿ ಇತ್ತು. ಹಾಡಿನ ಮೊದಲ ಸಾಲನ್ನು ಅಕ್ಕ ಒಬ್ಬಳೇ ಹಾಡುತ್ತಿದ್ದಳು. ಆಗ ಯಾವ ವಾದ್ಯವೂ ನುಡಿಯುತ್ತಿರಲಿಲ್ಲ. ಎರಡನೆಯ ಸಾಲಿಗೆ ತಮ್ಮ ಬಂದು ಸೇರುತ್ತಿದ್ದ. ಶ್ರುತಿ ಕೇಳಿಕೊಳ್ಳದೆ ಶುರು ಮಾಡಿದರೂ ಅವಳು ಕೂದಲೆಳೆಯಷ್ಟು ತಪ್ಪುತ್ತಿರಲಿಲ್ಲ. ಅವನು ಸೇರಿದಾಗ ಎರಡು ಸದ್ದು ಎಂದು ಯಾರಿಗೂ ಅನ್ನಿಸುತ್ತಿರಲಿಲ್ಲ. ಜನ ಆ ಮೊದಲ ಸಾಲನ್ನು ಕೇಳಲೆಂದೇ ಬೇಗ ಬಂದು ಕೂರುತ್ತಿದ್ದರು. ಅವಳಿಗೆ ಬೇರೆ ಆಸ್ತಿ ಇರಲಿಲ್ಲ.

ವಾದ್ಯಕ್ಕೆ ವಯಸ್ಸಾಯಿತು. ಒಳಗೆ ದೂಳು ಕೂತು ಗರಗರ ಎನ್ನತೊಡಗಿತು. ವಾದಕ ಅದನ್ನು ಒಬ್ಬ ರಿಪೇರಿಯವನಿಗೆ ಕೊಟ್ಟ. ರಿಪೇರಿಯವನು ಕೆಲಸ ಬಲ್ಲವನು. ಪೂರ್ತಿ ಬಿಚ್ಚಿದ, ಒರೆಸಿದ, ಒಣಗಿದ ಬಿಡಿಭಾಗಗಳನ್ನು ಬದಲಿಸಿದ. ಕೊನೆಗೆ ಉಳಿದದ್ದು ಎಂಟು ಕಂಠಗಳನ್ನೂ ಶ್ರುತಿಗೆ ಹೊಂದಿಸುವ ಕೆಲಸ.

ಅದಕ್ಕೊಂದು ಕ್ರಮವಿದೆ. ಆ ಬಗೆಯ ವಾದ್ಯ ಬಿಸಿಯಾದಂತೆ ಅದರ ಶ್ರುತಿ ಸರಿಯುತ್ತದೆ. ಆದ್ದರಿಂದ ಸ್ವಿಚ್ಚು ಹಾಕಿ, ಒಳಗೆಲ್ಲ ಬೆಚ್ಚಗಾಗುವ ತನಕ ಸುಮ್ಮನೆ ಕೂರಬೇಕು. ಆಮೇಲೆ ಶ್ರುತಿಕವೆಯನ್ನು ತಟ್ಟಬೇಕು. ಅದು ಎರಡು ಕವಲಿನ ಉಕ್ಕಿನ ಕಡ್ಡಿ. ತಟ್ಟಿದರೆ ಒಂದೇ ಸ್ವರ ಕೊಡುತ್ತದೆ. ಯಾವತ್ತು ತಟ್ಟಿದರೂ ಅದೇ ಸ್ವರ. ಅದನ್ನು ಕೇಳುತ್ತ ಒಂದೊಂದು ಕಂಠದ ತಿರುಪನ್ನೂ ತಿರುಗಿಸಿ ಹೊಂದಿಸಬೇಕು.

ಮದುವೆಯ ಕಾಲ. ರಿಪೇರಿಯವನ ಮೇಜಿನ ತುಂಬ ಕೆಲಸ. ಅವನು ಸ್ವಿಚ್ಚು ಹಾಕಿದವನೇ, ವಾದ್ಯ ತಣ್ಣಗಿರುವಾಗಲೇ, ಕವೆ ತಟ್ಟಿ ಶುರು ಮಾಡಿದ. ಸರಸರನೆ ಏಳು ಕಂಠಗಳನ್ನು ಮುಗಿಸಿದ. ಎಂಟನೆಯದಕ್ಕೆ ಕೈ ಹಾಕುವಾಗ ಒಳಗಿನಿಂದ ಅವನ ತಾಯಿ ಕರೆದಳು.

"ಬಾರೋ, ಮುದ್ದೆ ಆರಿ ಕಲ್ಲಾಗುತ್ತೆ."

"ಇನ್ನೊಂದೇ ಒಂದು ಉಳಿದಿದೆ, ಇರಮ್ಮ."

"ಆ ಒಂದೇನು ಓಡಿಹೋಗುತ್ತಾ? ಬಾ ಅಂದರೆ ಬಾ."

"ಒಂದು ಕೆಲಸ ಮುಗಿಸಲು ಬಿಡುವುದಿಲ್ಲ ನೀನು," ಎಂದು ಗೊಣಗುತ್ತ ಅವನು ಎದ್ದ. ಸ್ವಿಚ್ಚು ಆರಿಸಲಿಲ್ಲ. ಉಂಡ. ತಾಯಿ ಪಕ್ಕದ ಮನೆಯ ಸುದ್ದಿ ತೆಗೆದಳು. ಅದನ್ನೂ ಕೇಳಿದ. ತಿರುಗಿ ಬರುವಷ್ಟರಲ್ಲಿ ವಾದ್ಯ ಬೆಚ್ಚಗಾಗಿತ್ತು. ಕವೆ ತಟ್ಟಿ ಎಂಟನೆಯ ಕಂಠವನ್ನು ಹೊಂದಿಸಿ, ಮುಚ್ಚಳ ಹಾಕಿದ.

ತಣ್ಣಗಿದ್ದಾಗ ಹೊಂದಿಸಿದ ಏಳು ಕಂಠಗಳು ಅಷ್ಟರೊಳಗೆ ತಮ್ಮ ಜಾಗದಿಂದ ಕೆಳಗೆ ಜಾರಿದ್ದವು. ಒಟ್ಟಿಗೆ ಜಾರಿದ್ದವು. ಆದ್ದರಿಂದ ಒಂದಕ್ಕೊಂದು ಸರಿಯಾಗಿಯೇ ಇದ್ದವು. ನಿಜವಾದ ಶ್ರುತಿಯಲ್ಲಿ ಉಳಿದದ್ದು ಎಂಟನೆಯದೊಂದೇ. ತಾಯಿ ಊಟಕ್ಕೆ ಕರೆದಳಲ್ಲ, ಅದರಿಂದ ಉಳಿಯಿತು. ರಿಪೇರಿಯವನಿಗೆ ಇದು ತಿಳಿಯಲಿಲ್ಲ.

ವಾದಕ ವಾದ್ಯವನ್ನು ಮನೆಗೆ ತಂದ. ನುಡಿಸಿ ನೋಡಿದ. ಎಲ್ಲ ಚೆನ್ನಾಗಿತ್ತು, ಒಂದು ಸ್ವರ ಮಾತ್ರ ಎದ್ದು ಕೇಳಿತು. ಕೀ ಕೆಟ್ಟಿದೆ ಎಂದುಕೊಂಡ. ಗುರುತಿಗಿರಲಿ ಎಂದು ಅಕ್ಕನ ಹಣೆಬೊಟ್ಟಿನ ಹಾಳೆಯಿಂದ ಒಂದು ಬೊಟ್ಟು ಕಿತ್ತು ಆ ಕೀ ಮೇಲೆ ಅಂಟಿಸಿದ. ಮತ್ತೆ ನುಡಿಸಿದ. ಈ ಸಲ ತಪ್ಪು ಬೇರೆ ಕೀಯಲ್ಲಿ ಕೇಳಿತು. ಅದಕ್ಕೂ ಒಂದು ಬೊಟ್ಟು ಅಂಟಿಸಿದ. ಬೊಟ್ಟಿನ ಹಾಳೆ ಖಾಲಿಯಾಯಿತು, ತಪ್ಪು ಮಾತ್ರ ಸಿಗಲಿಲ್ಲ.

ನನಗೆ ನಗು ಬಂತು. "ಇಂಥವರು ನಮ್ಮ ಮನೆಯಲ್ಲೂ ಇದ್ದಾರೆ," ಎಂದೆ. "ಹಾಲು ಒಡೆದರೆ ಪಾತ್ರೆಯನ್ನು ಬೈಯುತ್ತಾರೆ."

ಗುರುಗಳೂ ನಕ್ಕರು. ಒಳಗಿನಿಂದ ಹಾರ್ಮೋನಿಯಂ ಸದ್ದು ಬರುತ್ತಿತ್ತು. ಕುಮುದಾ ಒಂದೇ ಸ್ವರವನ್ನು ಮತ್ತೆ ಮತ್ತೆ ಒತ್ತುತ್ತಿದ್ದಳು. ಗುರುಗಳು ಕತೆ ಮುಂದುವರಿಸಿದರು.

ಅಂದು ಸಂಜೆ ಅಕ್ಕ ಅಭ್ಯಾಸಕ್ಕೆ ಕುಳಿತಳು. ಎಂದಿನ ಹಾಗೆ ಮೊದಲ ಸಾಲನ್ನು ಒಬ್ಬಳೇ ಹಾಡಿದಳು. ತಮ್ಮ ಬಂದು ಸೇರಿದ. ಸೇರಿದವನು ತಟ್ಟನೆ ತಲೆಯೆತ್ತಿದ.

"ಅಕ್ಕಾ, ಮೇಲೆ ಹೋಗಿದ್ದೀಯ."

"ಇಲ್ಲವಲ್ಲೋ."

"ಇನ್ನೊಂದು ಸಲ ಹಾಡು."

ಇನ್ನೊಂದು ಸಲ ಹಾಡಿದಳು. ಮತ್ತೆ ಹಾಗೆಯೇ ಆಯಿತು. ಅವಳು ಕಣ್ಣು ಮುಚ್ಚಿ ಕೇಳಿದಳು. ಆಮೇಲೆ ಹೇಳಿದಳು, "ನಡುನಡುವೆ ಒಂದು ಸ್ವರ ನನ್ನ ಪಕ್ಕ ಬಂದು ಕೂರುತ್ತದೆ ಕಣೋ. ಉಳಿದವು ಬರುವುದಿಲ್ಲ."

"ಅದೊಂದೇ ಕೆಟ್ಟಿರುವುದು, ಅಕ್ಕಾ. ಕೆಟ್ಟದ್ದನ್ನೇ ಹುಡುಕಿ ನೆಂಟಸ್ತನ ಮಾಡಿದ್ದೀಯಲ್ಲ," ಎಂದು ತಮ್ಮ ನಕ್ಕ.

ಅವಳೂ ನಕ್ಕಳು. ಆಮೇಲೆ ಅಡುಗೆಮನೆಗೆ ಹೋಗಿ, ಒಲೆಯ ಮುಂದೆ ನಿಂತು, ಮೊದಲ ಸಾಲನ್ನು ಮೆಲ್ಲಗೆ ಹಾಡಿಕೊಂಡಳು. ಅರ್ಧಕ್ಕೆ ನಿಲ್ಲಿಸಿದಳು.

ವಾದಕ ವಾದ್ಯವನ್ನು ಮತ್ತೆ ರಿಪೇರಿಯವನ ಹತ್ತಿರ ಒಯ್ದ. ರಿಪೇರಿಯವನು ಬೊಟ್ಟುಗಳನ್ನು ನೋಡಿ, "ಇದಕ್ಕೆ ಮದುವೆ ಮಾಡುತ್ತೀರೇನು?" ಎಂದ. ತಪ್ಪು ಕೀಯಲ್ಲಿ ಇರುವುದಿಲ್ಲ, ಕಂಠದಲ್ಲಿ ಇರುತ್ತದೆ, ಸರದಿ ತಿರುಗಿದ ಹಾಗೆ ಅದೂ ತಿರುಗುತ್ತದೆ ಎಂದು ತಿಳಿಸಿ ಹೇಳಿದ. ಒಂದೇ ಕೀಯನ್ನು ಒಂದೇ ಸಮನೆ ಒತ್ತುತ್ತ ಎಣಿಸಿದ. ಏಳರ ತನಕ ಒಂದೇ ಸ್ವರ. ಎಂಟನೆಯದು ಬೇರೆ.

"ಇವನೇ," ಎಂದ.

ಆಗ ಅವನು ಮಾಡಬೇಕಾದದ್ದು ಒಂದೇ ಕೆಲಸ. ಕವೆಯನ್ನು ಇನ್ನೊಂದು ಸಲ ತಟ್ಟಬೇಕಿತ್ತು. ಕವೆ ಅಲ್ಲೇ ಮೇಜಿನ ಮೇಲಿತ್ತು. ಅವನು ತಟ್ಟಲಿಲ್ಲ. ಎಂಟನೆಯದು ಸರಿಯೇ ಎಂದು ಏಳನ್ನು ಕೇಳಿದ. ಏಳೂ ಇಲ್ಲ ಎಂದವು. ಏಳು ಸೇರಿ ತಪ್ಪುತ್ತವೆಯೇ? ಚಿಕ್ಕ ಸ್ಕ್ರೂಡ್ರೈವರು ತೆಗೆದುಕೊಂಡು ಎಂಟನೆಯ ಕಂಠದ ತಿರುಪನ್ನು ಒಂದಿಷ್ಟೇ ತಿರುಗಿಸಿದ. ಅದು ಉಳಿದವುಗಳ ಜೊತೆ ಸೇರಿಕೊಂಡಿತು.

"ಈಗ ಕೇಳಿ. ಎಂಟೂ ಒಂದೇ," ಎಂದ.

ವಾದಕನಿಗೆ ಸಂತೋಷವಾಯಿತು. ಬೊಟ್ಟುಗಳನ್ನೆಲ್ಲ ಕಿತ್ತು ಹಾಕಿದ.

ಮನೆಯಲ್ಲಿ ಅಕ್ಕ ಮತ್ತೆ ಹಾಡಿದಳು. ಈ ಸಲ ಒಂದು ಸ್ವರವೂ ಅವಳ ಪಕ್ಕ ಬಂದು ಕೂರಲಿಲ್ಲ.

"ಅದೆಲ್ಲಿ ಹೋಯಿತೋ?" ಎಂದು ಕೇಳಿದಳು.

"ಯಾವುದು?"

"ಅದೇ, ನನ್ನ ಜೊತೆ ಬರುತ್ತಿತ್ತಲ್ಲ."

"ಅದನ್ನು ಸರಿ ಮಾಡಿಸಿದೆ, ಅಕ್ಕಾ."



ಆಮೇಲೆ ಅವರು ಒಂದು ಮದುವೆಗೆ ಹೋದರು. ಅಕ್ಕ ಮೊದಲ ಸಾಲು ಹಾಡಿದಳು. ತಮ್ಮ ಸೇರಿದ. ಎದುರಿಗೆ ಕೂತವರು ಒಬ್ಬರ ಮುಖ ಒಬ್ಬರು ನೋಡಿದರು. ಇನ್ನೊಂದು ಮದುವೆಗೆ ಹೋದರು. ಅಲ್ಲಿಯೂ ಅದೇ. ಊಟದ ಹೊತ್ತಿನಲ್ಲಿ ಒಬ್ಬಾಕೆ ಅವಳ ಬೆನ್ನು ಸವರಿ, "ವಯಸ್ಸು ಯಾರನ್ನು ಬಿಡುತ್ತದಮ್ಮ? ಇಷ್ಟು ದಿನ ಹಾಡಿದೆಯಲ್ಲ, ಅದೇ ಪುಣ್ಯ," ಎಂದಳು. ಬೈದಿದ್ದರೆ ಅಕ್ಕ ಜಗಳವಾಡುತ್ತಿದ್ದಳೋ ಏನೋ. ಬೆನ್ನು ಸವರಿದ್ದಕ್ಕೆ ಏನು ಹೇಳುವುದು? ಮನೆಗೆ ಬಂದು ಮೆಣಸಿನ ಕಷಾಯ ಕುಡಿದಳು. ಕಲ್ಲುಸಕ್ಕರೆ ಚೀಪಿದಳು. ಗಂಟಲಿಗೆ ಬಟ್ಟೆ ಸುತ್ತಿಕೊಂಡು ಮಲಗಿದಳು. ಕೆಡದೆ ಇರುವ ಗಂಟಲಿಗೆ ಯಾವ ಕಷಾಯ ಏನು ಮಾಡೀತು?

ಒಂದು ದಿನ ಅವಳೇ ತಮ್ಮನಿಗೆ ಹೇಳಿದಳು, "ಇನ್ನು ಮೇಲೆ ನೀನು ಮೊದಲು ಶುರು ಮಾಡೋ. ಎಲ್ಲಿದ್ದೀಯ ಅಂತ ನೋಡಿಕೊಂಡು ನಾನು ಸೇರುತ್ತೇನೆ."

ಹಾಗೆಯೇ ಮಾಡಿದರು. ವಾದ್ಯ ಮೊದಲು ನುಡಿಯಿತು. ಅವಳು ಅದನ್ನು ಕೇಳಿ, ತನ್ನ ಕಂಠವನ್ನು ಅಷ್ಟು ಕೆಳಗಿಳಿಸಿ, ಸೇರಿದಳು. ಈಗ ತಪ್ಪು ಎಲ್ಲಿಯೂ ಕೇಳಲಿಲ್ಲ. ಎಲ್ಲರೂ ಅವಳು ಸುಧಾರಿಸಿಕೊಂಡಳು ಎಂದರು.

"ಸುಧಾರಿಸಿಕೊಳ್ಳುವುದಂತೆ!" ಎಂದೆ. ಯಾಕೆ ಹಾಗೆಂದೆನೋ ತಿಳಿಯದು. ನನಗೂ ಎಲ್ಲರೂ ಅದೇ ಮಾತು ಹೇಳಿದ್ದರು.

ಗುರುಗಳು ಒಂದು ಗಳಿಗೆ ನನ್ನನ್ನು ನೋಡಿದರು. ಮತ್ತೆ ಹೇಳತೊಡಗಿದರು.

ಎಷ್ಟೋ ಕಾಲದ ಮೇಲೆ ಒಂದು ಕಾರ್ಯಕ್ರಮಕ್ಕೆ ಒಬ್ಬ ಕೊಳಲಿನವನು ಅವರ ಜೊತೆ ಬಂದ. ಕೊಳಲು ವಾದ್ಯಕ್ಕೆ ಸೇರಲಿಲ್ಲ. ವಾದಕ, "ನಿನ್ನ ಕೊಳಲು ಸರಿಯಿಲ್ಲ," ಎಂದ. ಕೊಳಲಿನವನು ಚೀಲದಿಂದ ಇನ್ನೊಂದು ಕೊಳಲು ತೆಗೆದ. ಅದೂ ಸೇರಲಿಲ್ಲ. "ನನ್ನ ಎರಡು ಕೊಳಲೂ ಮಾತಾಡಿಕೊಂಡು ಬಂದಿಲ್ಲ, ಸ್ವಾಮಿ. ನಿಮ್ಮ ಪೆಟ್ಟಿಗೆಯನ್ನೇ ಒಮ್ಮೆ ರಿಪೇರಿಯವನಿಗೆ ತೋರಿಸಿ," ಎಂದ.

ತೋರಿಸಿದರು. ವಾದ್ಯ ಬಿಸಿಯೇರುತ್ತಿರುವಾಗ ರಿಪೇರಿಯವನು ಕವೆ ತಟ್ಟಿದ. ಎಂಟೂ ಕಂಠಗಳು ಕೆಳಗಿದ್ದವು. ಅವನಿಗೆ ನಂಬಿಕೆ ಬರಲಿಲ್ಲ. ಮತ್ತೆ ತಟ್ಟಿದ. ಆಮೇಲೆ ಆ ಮಧ್ಯಾಹ್ನ ನೆನಪಾಯಿತು. ತಣ್ಣಗಿದ್ದ ವಾದ್ಯ, ಸರಸರನೆ ಮುಗಿಸಿದ ಏಳು, ತಾಯಿ ಕರೆದದ್ದು, ಆರುತ್ತಿದ್ದ ಮುದ್ದೆ. ವಾದಕನಿಗೆ ಎಲ್ಲವನ್ನೂ ಹೇಳಿದ. ವಾದ್ಯ ಪೂರ್ತಿ ಬೆಚ್ಚಗಾಗುವ ತನಕ ಇಬ್ಬರೂ ಅದರ ಎದುರು ಕುಳಿತರು. ಆಮೇಲೆ ರಿಪೇರಿಯವನು ಕವೆ ತಟ್ಟಿ, ಎಂಟು ತಿರುಪುಗಳನ್ನೂ ತಿರುಗಿಸಿದ. ವಾದ್ಯ ಸರಿಯಾಯಿತು. ಅದಕ್ಕೆ ಹೆಚ್ಚು ಹೊತ್ತೇನೂ ಹಿಡಿಯಲಿಲ್ಲ.

ವಾದಕ ಮನೆಗೆ ಓಡಿದ.

"ಅಕ್ಕಾ, ನಿನ್ನ ಗಂಟಲು ಕೆಟ್ಟಿರಲಿಲ್ಲ. ಅಂದೂ ಕೆಟ್ಟಿರಲಿಲ್ಲ. ನಿನ್ನ ಪಕ್ಕ ಬಂದು ಕೂರುತ್ತಿತ್ತಲ್ಲ, ಅದೊಂದೇ ಸರಿಯಿತ್ತು. ಉಳಿದ ಏಳೂ ತಪ್ಪಿದ್ದವು. ನಾನು ಆ ಒಂದರ ಬಾಯಿ ಮುಚ್ಚಿಸಿಬಿಟ್ಟೆ. ಈಗ ಹಾಡು."

ವಾದ್ಯವನ್ನು ಅವಳ ಮುಂದಿಟ್ಟ. ಕೈಗಳನ್ನು ತೊಡೆಯ ಮೇಲಿಟ್ಟುಕೊಂಡು ಕುಳಿತ. ಅವಳು ಸೆರಗು ಸರಿಮಾಡಿಕೊಂಡು ಕುಳಿತಳು. ಬಾಯಿ ತೆರೆದಳು. ಸ್ವರ ಬರಲಿಲ್ಲ. ತಮ್ಮನ ಕೈಗಳನ್ನು ನೋಡಿದಳು.

"ಒಂದೇ ಒಂದು ಸಲ ಒತ್ತೋ," ಎಂದಳು. "ಎಲ್ಲಿಂದ ಶುರು ಮಾಡಬೇಕು ಅಂತ ನೋಡಿಕೊಳ್ಳುತ್ತೇನೆ."

ಅವನು ಒತ್ತಲಿಲ್ಲ. ಅವಳು ಕಾದಳು. ಅವನೂ ಕಾದ.

ಗುರುಗಳು ಅಲ್ಲಿಗೆ ನಿಲ್ಲಿಸಿದರು.

"ಅಷ್ಟೇನಾ?" ಎಂದೆ. "ಆಮೇಲೆ ಅವಳು ಹಾಡಲೇ ಇಲ್ಲವಾ?"

"ಹಾಡಿದಳು. ಚೆನ್ನಾಗಿಯೇ ಹಾಡಿದಳು. ವಾದ್ಯ ಮೊದಲು ನುಡಿದ ಮೇಲೆ ಹಾಡಿದಳು. ಮೊದಲ ಸಾಲನ್ನು ಅವಳೊಬ್ಬಳ ಬಾಯಲ್ಲಿ ಮತ್ತೆ ಯಾರೂ ಕೇಳಲಿಲ್ಲ."

ನನಗೆ ಸಿಟ್ಟು ಬಂತು. ಯಾರ ಮೇಲೆ ಎಂದು ತಿಳಿಯದಿದ್ದಾಗ ಬರುವ ಸಿಟ್ಟು. "ಎಂಥ ಹೆಂಗಸು ಅವಳು?" ಎಂದೆ. "ತನ್ನ ಕಂಠ ತನಗೆ ಗೊತ್ತಿರುವುದಿಲ್ಲವೇ? ಯಾರು ಏನೆಂದರೂ ತಾನು ಹಾಡುವುದನ್ನು ಹಾಡಬೇಕಿತ್ತು. ನಾನಾಗಿದ್ದರೆ ಆ ತಮ್ಮನ ಕಿವಿ ಹಿಂಡಿ, ಏಳನ್ನೂ ತಿರುಗಿಸಿಕೊಂಡು ಬಾ ಹೋಗು ಎನ್ನುತ್ತಿದ್ದೆ."

ಒಳಗೆ ಹಾರ್ಮೋನಿಯಂ ನಿಂತಿತು. ಕುಮುದಾ ಹೊರಗೆ ಬಂದು ನನ್ನ ತೊಡೆಗೆ ಒರಗಿ ಕುಳಿತಳು. ಅವಳ ಕೆನ್ನೆಯ ಮೇಲೆ ನನ್ನ ಬೆರಳಿನ ಗುರುತು ಇನ್ನೂ ಕೆಂಪಗಿತ್ತು. ಗುರುಗಳ ಮನೆಯಾಕೆ ಕೊಟ್ಟಿದ್ದ ಮಲ್ಲಿಗೆಯ ತುಂಡು ಅವಳ ಜಡೆಯಲ್ಲಿತ್ತು. ನಾನು ಮುಖವನ್ನು ಆಚೆ ತಿರುಗಿಸಿದೆ. ಆ ವಾಸನೆ ನನಗೆ ಆಗುವುದಿಲ್ಲ. ಯಾಕೆ ಹೂ ಮುಡಿಯುವುದನ್ನು ಬಿಟ್ಟೆ ಎಂದು ಮನೆಯಲ್ಲಿ ದೊಡ್ಡವರು ಯಾರೂ ಕೇಳಿಲ್ಲ. ಕೇಳಿದವಳು ಇವಳೊಬ್ಬಳೇ. ಅದನ್ನೂ ನೆಂಟರ ಎದುರಿನಲ್ಲಿ, ನನ್ನ ಮಾತಿನ ನಡುವೆ ಕೇಳಿದ್ದಳು.

"ಕತೆ ಇರಲಿ ಗುರುಗಳೇ," ಎಂದೆ. "ನನ್ನ ಮನೆಯಲ್ಲಿ ಯಾವ ಪೆಟ್ಟಿಗೆಯೂ ಇ..."

ಈ ಸಲ ನನ್ನ ಮಾತಿನ ನಡುವೆ ಬಾಯಿ ಹಾಕಿದವರು ಗುರುಗಳು. ಉತ್ತರವನ್ನು ಬಾಯಲ್ಲಿ ಇಟ್ಟುಕೊಂಡೇ ಹುಟ್ಟಿದವಳು ಎಂದು ಅತ್ತೆ ನನ್ನನ್ನು ಬೈಯುತ್ತಾರೆ. ಅಂದು ಆ ಬೈಗುಳ ಸುಳ್ಳಾಯಿತು. ದಿನವೂ ಯಾರಾದರೂ ಕೇಳುವ, ದಿನವೂ ನಾನು ಉತ್ತರ ಹೇಳುವ ಪ್ರಶ್ನೆಯನ್ನೇ ಅವರು ಕೇಳಿದ್ದರು.

"ಚೈತ್ರಾ, ನಿನಗೆ ಎಷ್ಟು ಮಕ್ಕಳು?"